ಮನೆಯೊಳಗೇ ಫೈಲ್ ಕಳಿಸಿದರೂ ಯಾಕಿಷ್ಟು ನಿಧಾನ?

ಹಳೆ ಕಂಪ್ಯೂಟರ್‌ನಲ್ಲಿ 60 ಜಿಬಿಯಷ್ಟು ಮದುವೆ ವಿಡಿಯೋ ಇದೆ. ಹೊಸ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬೇಕು. ಎರಡೂ ಒಂದೇ ಮನೆಯಲ್ಲಿವೆ, ಒಂದೇ ರೂಟರ್‌ಗೆ ಸೇರಿಕೊಂಡಿವೆ. ಆದರೂ ಕಾಪಿಗೆ ಹಾಕಿದರೆ ‘ಇನ್ನು 4 ಗಂಟೆ’ ಅಂತ ಬರುತ್ತದೆ. ಇಂಥ ಹೊತ್ತಲ್ಲಿ ಬಹಳ ಜನರಿಗೆ ಹೊಳೆಯುವುದು ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿಸೋಣ ಅನ್ನುವುದು.

ಅದರಿಂದ ಏನೂ ಆಗುವುದಿಲ್ಲ. ಮನೆಯೊಳಗೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹೋಗುವ ಫೈಲ್ ಹೊರಗಿನ ಇಂಟರ್ನೆಟ್ ಲೈನನ್ನು ಮುಟ್ಟುವುದೇ ಇಲ್ಲ. ಕಂಪ್ಯೂಟರ್‌ನಿಂದ ರೂಟರ್, ರೂಟರ್‌ನಿಂದ ಇನ್ನೊಂದು ಕಂಪ್ಯೂಟರ್, ಅಷ್ಟೇ ದಾರಿ. ಇಂಟರ್ನೆಟ್ ಪೂರ್ತಿ ಕಟ್ ಆಗಿದ್ದರೂ ಈ ಕಾಪಿ ನಡೆಯುತ್ತದೆ. ಗೂಗಲ್ ಡ್ರೈವ್ ಅಥವಾ ವಾಟ್ಸ್‌ಆ್ಯಪ್ ಮೂಲಕ ಕಳಿಸಿದರೆ ಮಾತು ಬೇರೆ. ಆಗ ಫೈಲ್ ಊರೆಲ್ಲ ಸುತ್ತಿ ಪಕ್ಕದ ಕೋಣೆಗೆ ಬರುತ್ತದೆ. ಒನ್‌ಡ್ರೈವ್ ಫೋಲ್ಡರ್‌ನಿಂದ ಕಾಪಿ ಮಾಡುವಾಗಲೂ ಸ್ವಲ್ಪ ನೋಡಿಕೊಳ್ಳಿ. ಫೈಲ್ ಪಕ್ಕದಲ್ಲಿ ಮೋಡದ ಗುರುತು ಇದ್ದರೆ ಅದು ನಿಮ್ಮ ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ. ಮೊದಲು ಇಂಟರ್ನೆಟ್‌ನಿಂದ ಇಳಿದು, ಆಮೇಲೆ ಕಾಪಿ ಆಗುತ್ತದೆ.

ಇವೆರಡೂ ಅಲ್ಲ ಅಂದಮೇಲೆ ತೊಂದರೆ ಮನೆಯೊಳಗೇ ಇದೆ. ದಾರಿಯನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ: ಕಳಿಸುವ ಕಡೆಯ ಡಿಸ್ಕ್, ಅಲ್ಲಿಂದ ಕೇಬಲ್ ಅಥವಾ ವೈಫೈ, ರೂಟರ್, ಮತ್ತೆ ಕೇಬಲ್ ಅಥವಾ ವೈಫೈ, ಕೊನೆಗೆ ಬರೆದುಕೊಳ್ಳುವ ಕಡೆಯ ಡಿಸ್ಕ್. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಅದರ ಸ್ಪೀಡೇ ಇಡೀ ಕಾಪಿಯ ಸ್ಪೀಡು. ಮಿಕ್ಕಿದ್ದನ್ನೆಲ್ಲ ಎಷ್ಟು ಚೆನ್ನಾಗಿ ಮಾಡಿದರೂ ಒಂದು ಎಂಬಿ ಕೂಡ ಹೆಚ್ಚುವುದಿಲ್ಲ. ಅದಕ್ಕೇ ಹೊಸ ರೂಟರ್ ಕೊಳ್ಳುವ ಮೊದಲು, ಯಾವುದೇ ಸೆಟ್ಟಿಂಗ್ ಮುಟ್ಟುವ ಮೊದಲು, ಕಾಪಿ ಆಗುವಾಗ ಪರದೆ ಮೇಲೆ ಬರುವ ಸಂಖ್ಯೆಯನ್ನು ಓದಿ. ಎಷ್ಟೋ ಸಲ ತೊಂದರೆ ಎಲ್ಲಿದೆ ಅನ್ನುವುದು ಆ ಸಂಖ್ಯೆಯಲ್ಲೇ ಗೊತ್ತಾಗುತ್ತದೆ.

ಸಂಖ್ಯೆ ಓದುವುದು ಹೇಗೆ

ವಿಂಡೋಸ್‌ನಲ್ಲಿ ಕಾಪಿ ಕಿಟಕಿಯ ಕೆಳಗೆ ‘ಮೋರ್ ಡೀಟೇಲ್ಸ್’ ಒತ್ತಿದರೆ ಹಸಿರು ಗ್ರಾಫ್ ಬರುತ್ತದೆ. ಅಲ್ಲಿನ ಸ್ಪೀಡು ಸೆಕೆಂಡಿಗೆ ಇಷ್ಟು ಮೆಗಾಬೈಟ್ ಅಂತ ಇರುತ್ತದೆ. ಆದರೆ ರೂಟರ್ ಡಬ್ಬಿ ಮೇಲೆ, ಕೇಬಲ್ ಮೇಲೆ, ಇಂಟರ್ನೆಟ್ ಬಿಲ್ ಮೇಲೆ ಇರುವುದು ಮೆಗಾಬಿಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಮೆಗಾಬಿಟ್‌ನ ಲೈನಿನಲ್ಲಿ ಲೆಕ್ಕದ ಪ್ರಕಾರ ಸೆಕೆಂಡಿಗೆ 12.5 ಮೆಗಾಬೈಟ್ ಮಾತ್ರ ಹೋಗಬಹುದು. ಡೇಟಾ ಜತೆಗೆ ವಿಳಾಸ, ಲೆಕ್ಕಪತ್ರದ ಮಾಹಿತಿಯೂ ಹೋಗಬೇಕಲ್ಲ, ಅದನ್ನು ಕಳೆದರೆ ಕೈಗೆ ಸಿಗುವುದು 11ರ ಆಸುಪಾಸು. ಗಿಗಾಬಿಟ್ ಲೈನಿನಲ್ಲಿ, ಅಂದರೆ 1000 ಮೆಗಾಬಿಟ್‌ನಲ್ಲಿ, 110ರ ಆಸುಪಾಸು.

ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಎರಡೂ ಕಡೆ ಕೇಬಲ್ ಇದ್ದು ದೊಡ್ಡ ಫೈಲ್ 110 ಎಂಬಿ ಸ್ಪೀಡಲ್ಲಿ ಹೋಗುತ್ತಿದ್ದರೆ ನಿಮ್ಮ ಗಿಗಾಬಿಟ್ ನೆಟ್‌ವರ್ಕ್ ಆರೋಗ್ಯವಾಗಿದೆ. ಇನ್ನು ಅಲ್ಲಿ ಸರಿಮಾಡಲು ಏನೂ ಇಲ್ಲ. ಅದೇ ಗ್ರಾಫ್ 11ರಲ್ಲಿ ಗೆರೆ ಎಳೆದ ಹಾಗೆ ನೇರವಾಗಿ ನಿಂತಿದ್ದರೆ ಎಲ್ಲೋ ಒಂದು ಕಡೆ ಲಿಂಕ್ 100 ಮೆಗಾಬಿಟ್‌ಗೆ ಇಳಿದಿದೆ. ಇದರಲ್ಲಿ ಅನುಮಾನವೇ ಬೇಡ. 60 ಜಿಬಿಯ ಲೆಕ್ಕ ಹಾಕಿ ನೋಡಿ: 110ರಲ್ಲಿ ಸುಮಾರು 9 ನಿಮಿಷ, 11ರಲ್ಲಿ ಒಂದೂವರೆ ಗಂಟೆ. 4 ಗಂಟೆ ಬೇಕು ಅಂದರೆ ಸ್ಪೀಡು ಸೆಕೆಂಡಿಗೆ 4 ಎಂಬಿ. ಅದು ಹೆಚ್ಚಾಗಿ ವೈಫೈ ಕಥೆ. ಅದಕ್ಕೆ ಆಮೇಲೆ ಬರೋಣ.

ಗ್ರಾಫ್‌ನ ಆಕಾರವೂ ಮಾತಾಡುತ್ತದೆ. ನೇರ ಗೆರೆ ಅಂದರೆ ಲೈನಿನ ಮಿತಿ. ಮೊದಲು ಜೋರಾಗಿ ಹೋಗಿ ಸ್ವಲ್ಪ ಹೊತ್ತಿಗೆ ಕುಸಿದರೆ ಡಿಸ್ಕ್ ನೋಡಬೇಕು. ಬೆಟ್ಟಗುಡ್ಡದ ಹಾಗೆ ಏರಿಳಿತ ಇದ್ದರೆ ವೈಫೈ ಇರಬಹುದು, ಅಥವಾ ಸಾವಿರಾರು ಸಣ್ಣ ಫೈಲ್‌ಗಳು ಹೋಗುತ್ತಿರಬಹುದು.

ಎಂಟು ತಂತಿಯಲ್ಲಿ ಒಂದು ಕೈಕೊಟ್ಟರೆ

ಲ್ಯಾನ್ ಕೇಬಲ್‌ನ ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಎಂಟು ಸಣ್ಣ ತಂತಿಗಳು ಸಾಲಾಗಿ ಕಾಣುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಇರುವ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. 100 ಮೆಗಾಬಿಟ್‌ಗೆ ಬೇಕಾಗಿರುವುದು ಇವುಗಳಲ್ಲಿ ನಾಲ್ಕೇ, ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ. ನೀಲಿ ಮತ್ತು ಕಂದು ಸುಮ್ನೆ ಕೂತಿರುತ್ತವೆ. ಆದರೆ ಗಿಗಾಬಿಟ್‌ಗೆ ಎಂಟೂ ಬೇಕು. 1999ರಲ್ಲಿ ಬಂದ ತಾಮ್ರದ ತಂತಿಯ ಗಿಗಾಬಿಟ್ ಮಾನದಂಡ ನಾಲ್ಕೂ ಜೋಡಿಗಳನ್ನು ಒಟ್ಟಿಗೆ ಬಳಸುತ್ತದೆ.

ಈಗ ಕ್ರಿಂಪ್ ಮಾಡುವಾಗ, ಅಂದರೆ ತಂತಿಗಳನ್ನು ಪ್ಲಗ್ಗಿನೊಳಗೆ ಅದುಮಿ ಕೂರಿಸುವಾಗ, ಕಂದು ತಂತಿ ಸರಿಯಾಗಿ ಕಚ್ಚಿಕೊಳ್ಳಲಿಲ್ಲ ಅನ್ನಿ. ಏನಾಗುತ್ತದೆ? ಸಾಮಾನ್ಯವಾಗಿ ನೆಟ್‌ವರ್ಕ್ ನಿಂತು ಹೋಗುವುದಿಲ್ಲ, ಎರರ್ ಬರುವುದಿಲ್ಲ. ಎರಡು ಕಡೆಯ ಪೋರ್ಟ್‌ಗಳು ‘ಗಿಗಾಬಿಟ್ ಆಗುತ್ತಿಲ್ಲ, 100ರಲ್ಲಿ ಹೋಗೋಣ’ ಅಂತ ತಾವೇ ಮಾತಾಡಿಕೊಂಡು ಇಳಿದುಬಿಡುತ್ತವೆ. ಯೂಟ್ಯೂಬ್ ಚೆನ್ನಾಗಿ ಓಡುತ್ತದೆ, ವಿಡಿಯೋ ಕಾಲ್ ಚೆನ್ನಾಗಿ ಬರುತ್ತದೆ. ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ದೊಡ್ಡ ಫೈಲ್ ಕಳಿಸಿದ ದಿನವಷ್ಟೇ 11 ಅನ್ನುವ ಸಂಖ್ಯೆ ಎದುರಿಗೆ ಬರುತ್ತದೆ. ಮನೆ ಕಟ್ಟುವಾಗ ಗೋಡೆಯೊಳಗೆ ಕೇಬಲ್ ಎಳೆಸಿದವರು ಇದನ್ನು ಖಂಡಿತ ನೋಡಿಸಿಕೊಳ್ಳಬೇಕು. ಕೇಬಲ್ ಎಳೆದವರು ನಾಲ್ಕೇ ತಂತಿ ಕ್ರಿಂಪ್ ಮಾಡಿ ಹೋಗಿರುವುದೂ ಉಂಟು. ಇಂಟರ್ನೆಟ್ ಬಂದರೆ ಕೆಲಸ ಮುಗಿಯಿತು ಅಂತ ಅವರ ಲೆಕ್ಕ.

ಪರೀಕ್ಷೆ ಸುಲಭ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಈಥರ್ನೆಟ್ ಅಂತ ಹೋದರೆ ‘ಲಿಂಕ್ ಸ್ಪೀಡ್’ ಎಂಬ ಸಾಲು ಇರುತ್ತದೆ. ಅಲ್ಲಿ 1000/1000 ಇರಬೇಕು. 100/100 ಇದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯ ಕೇಬಲ್ ಸಾಕು. ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಮನೆಗೆ ಕ್ಯಾಟ್ 8 ಮಾರಲು ಬಂದರೆ ದುಡ್ಡು ಉಳಿಸಿಕೊಳ್ಳಿ. ಅದಕ್ಕಿಂತ ಮುಖ್ಯ, ಕೇಬಲ್ ಪೂರ್ತಿ ತಾಮ್ರದ್ದಾಗಿರಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಕೂಡ ಅಂಗಡಿಗಳಲ್ಲಿ ಸಿಗುತ್ತದೆ. ಉದ್ದ ಎಳೆದರೆ, ಬಗ್ಗಿಸಿದರೆ ಅದು ಬೇಗ ಕೈಕೊಡುತ್ತದೆ.

ಕೇಬಲ್ ಬದಲಿಸಿದರೂ 100 ಎಂದೇ ಬಂದರೆ ಪೋರ್ಟನ್ನು ಅನುಮಾನಿಸಬೇಕು. ಕಡಿಮೆ ಬೆಲೆಯ ಬಹಳಷ್ಟು ರೂಟರ್‌ಗಳ ಲ್ಯಾನ್ ಪೋರ್ಟ್‌ಗಳು ಇವತ್ತಿಗೂ 100 ಮೆಗಾಬಿಟ್‌ನವೇ. ಡಬ್ಬಿ ಮೇಲೆ 1200 ಅಂತ ದೊಡ್ಡದಾಗಿ ಬರೆದಿರುತ್ತದೆ, ಅದು ವೈಫೈ ಲೆಕ್ಕ. ಫೈಬರ್ ಕಂಪನಿ ಕೊಡುವ ಕೆಲವು ಡಬ್ಬಿಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಮಿಕ್ಕಿದ್ದೆಲ್ಲ 100. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಡಾಂಗಲ್ ಹಾಕಿ ಕೇಬಲ್ ಚುಚ್ಚಿದ್ದರೆ ಅದನ್ನೂ ನೋಡಿ. ಅಗ್ಗದ ಡಾಂಗಲ್‌ಗಳಲ್ಲಿ 100ರವು ಜಾಸ್ತಿ.

ಪೋರ್ಟ್ ತೊಂದರೆಗೆ ರೂಟರ್ ಬದಲಿಸಬೇಕಿಲ್ಲ. ಹಲವು ಲ್ಯಾನ್ ಕೇಬಲ್‌ಗಳನ್ನು ಒಂದಕ್ಕೊಂದು ಸೇರಿಸುವ ಸಣ್ಣ ಡಬ್ಬಿಗೆ ಸ್ವಿಚ್ ಅನ್ನುತ್ತಾರೆ. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಸಾವಿರ, ಒಂದೂವರೆ ಸಾವಿರ ರೂಪಾಯಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಎರಡೂ ಕಂಪ್ಯೂಟರ್‌ಗಳನ್ನು ಆ ಸ್ವಿಚ್‌ಗೆ ಹಾಕಿ, ಸ್ವಿಚ್‌ನಿಂದ ಒಂದು ಕೇಬಲ್ ರೂಟರ್‌ಗೆ ಕೊಡಿ. ಕಂಪ್ಯೂಟರ್‌ಗಳ ನಡುವಿನ ಫೈಲ್ ಸ್ವಿಚ್‌ನಲ್ಲೇ ದಾಟಿಬಿಡುತ್ತದೆ, ರೂಟರ್‌ವರೆಗೆ ಹೋಗುವುದೇ ಇಲ್ಲ. ಮನೆಯ ನೆಟ್‌ವರ್ಕ್‌ಗೆ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಲಾಭ ಕೊಡುವ ವಸ್ತು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಸ್ಪೀಡನ್ನು ಕೈಯಾರೆ ‘100 ಫುಲ್ ಡ್ಯೂಪ್ಲೆಕ್ಸ್’ ಎಂದು ಇಡಬೇಡಿ. ಫುಲ್ ಡ್ಯೂಪ್ಲೆಕ್ಸ್ ಅಂದರೆ ಎರಡೂ ಕಡೆಯವರು ಒಟ್ಟಿಗೆ ಮಾತಾಡಬಹುದು, ಹಾಫ್ ಅಂದರೆ ಒಂದು ಸಲಕ್ಕೆ ಒಬ್ಬರೇ. ಎದುರಿನ ಕಡೆ ಆಟೋದಲ್ಲಿದ್ದರೆ, ಅಂದರೆ ಸ್ಪೀಡನ್ನು ತಾನೇ ಮಾತಾಡಿಕೊಂಡು ಆರಿಸುವಂತಿದ್ದರೆ, ಅದು ಹಾಫ್ ಡ್ಯೂಪ್ಲೆಕ್ಸ್ ಎಂದು ತಿಳಿದುಕೊಳ್ಳುತ್ತದೆ. ಆಗ ಇಬ್ಬರೂ ಒಟ್ಟಿಗೆ ಮಾತಾಡಿ ಡೇಟಾ ಡಿಕ್ಕಿಯಾಗುತ್ತದೆ, ಸ್ಪೀಡು ನೆಲಕಚ್ಚುತ್ತದೆ. ಆಟೋ ನೆಗೋಶಿಯೇಶನ್ ಹಾಗೇ ಇರಲಿ.

ವೈಫೈನಲ್ಲಿ ಒಂದೇ ಗಾಳಿ, ಎರಡು ಓಟ

ವೈಫೈ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇದು. ಎರಡು ಲ್ಯಾಪ್‌ಟಾಪ್‌ಗಳೂ ವೈಫೈನಲ್ಲಿದ್ದರೆ ಫೈಲ್ ನೇರವಾಗಿ ಒಂದರಿಂದ ಇನ್ನೊಂದಕ್ಕೆ ಹಾರುವುದಿಲ್ಲ. ಮೊದಲು ರೂಟರ್‌ಗೆ, ಆಮೇಲೆ ರೂಟರ್‌ನಿಂದ ಎರಡನೆಯದಕ್ಕೆ. ಒಂದೇ ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಅದೇ ಡೇಟಾ ಅದೇ ಗಾಳಿಯಲ್ಲಿ ಎರಡು ಸಲ ಓಡುವುದರಿಂದ ಸ್ಪೀಡು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ನಡುವೆ ಅಗ್ಗದ ರಿಪೀಟರ್ ಇದ್ದರೆ ಅದೂ ಕೇಳಿದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುತ್ತದೆ, ಇನ್ನೊಮ್ಮೆ ಅರ್ಧ.

ಇನ್ನು 2.4 ಗಿಗಾಹರ್ಟ್ಸ್ ಬ್ಯಾಂಡ್. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಮೂರೇ ಮೂರು. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಇಪ್ಪತ್ತು ಮನೆಯ ರೂಟರ್‌ಗಳು ಆ ಮೂರನ್ನೇ ಹಂಚಿಕೊಳ್ಳಬೇಕು. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಒಲೆಯ ಸೋರಿಕೆಯೂ ಅಲ್ಲೇ. ಒಂದೇ ಆ್ಯಂಟೆನಾದ ಸಾಧಾರಣ ಲ್ಯಾಪ್‌ಟಾಪ್ ಅಲ್ಲಿ 72 ಮೆಗಾಬಿಟ್ ಲಿಂಕ್ ತೋರಿಸಿದರೆ, ಕೈಗೆ ಸಿಗುವುದು ಸೆಕೆಂಡಿಗೆ 5 ಎಂಬಿ ಆಸುಪಾಸು, ಅದೂ ಗಾಳಿ ಖಾಲಿ ಇದ್ದಾಗ. ಆ 4 ಗಂಟೆಯ ಕಾಪಿ ಹುಟ್ಟುವುದು ಇಲ್ಲಿ.

5 ಗಿಗಾಹರ್ಟ್ಸ್‌ಗೆ ಬದಲಾಯಿಸಿದರೆ ಅದೇ ಕೋಣೆಯಲ್ಲಿ ಅಜಗಜಾಂತರ ವ್ಯತ್ಯಾಸ. ಎರಡು ಆ್ಯಂಟೆನಾದ ವೈಫೈ 5 ಲ್ಯಾಪ್‌ಟಾಪ್ 866 ಮೆಗಾಬಿಟ್ ಲಿಂಕ್ ಪಡೆಯುತ್ತದೆ. ಎದುರಿನ ಕಂಪ್ಯೂಟರ್ ಕೇಬಲ್‌ನಲ್ಲಿದ್ದರೆ 60 ಎಂಬಿ ದಾಟುವುದೂ ಉಂಟು. ಆದರೆ ನಮ್ಮ ಮನೆಗಳ ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು 5 ಗಿಗಾಹರ್ಟ್ಸ್ ಅನ್ನು ಚೆನ್ನಾಗಿ ನುಂಗುತ್ತವೆ. ಎರಡು ಗೋಡೆ ದಾಟುವಷ್ಟರಲ್ಲಿ ಲ್ಯಾಪ್‌ಟಾಪ್ ಹೇಳದೆ ಕೇಳದೆ 2.4ಕ್ಕೆ ಇಳಿದಿರುತ್ತದೆ. ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಇದು ಗೊತ್ತೇ ಆಗುವುದಿಲ್ಲ. ವೈಫೈ ಪ್ರಾಪರ್ಟೀಸ್‌ನಲ್ಲಿ ‘ನೆಟ್‌ವರ್ಕ್ ಬ್ಯಾಂಡ್’ ಸಾಲು ನೋಡಿ. ದೊಡ್ಡ ಕಾಪಿ ಇರುವ ದಿನ ಲ್ಯಾಪ್‌ಟಾಪ್ ಎತ್ತಿಕೊಂಡು ರೂಟರ್ ಇರುವ ಕೋಣೆಗೇ ಹೋಗಿ ಕೂರುವುದು ಒಳ್ಳೆಯದು. ಎರಡರಲ್ಲಿ ಒಂದನ್ನಾದರೂ ಕೇಬಲ್‌ಗೆ ಹಾಕಿದರೆ ಇನ್ನೂ ಒಳ್ಳೆಯದು.

ವಿಚಿತ್ರ ಅನಿಸುವ ಇನ್ನೊಂದು ಸಂಗತಿ ಇದೆ. ಯುಎಸ್‌ಬಿ 3 ಸಾಧನಗಳು 2.4 ಗಿಗಾಹರ್ಟ್ಸ್‌ನ ಹತ್ತಿರ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ವರದಿ ಕೊಟ್ಟಿತು. ವೈಫೈನಿಂದ ಬರುವ ಫೈಲನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಬರೆಯುವಾಗ ಸ್ಪೀಡು ಬಿದ್ದರೆ ಡಿಸ್ಕನ್ನು ಸ್ವಲ್ಪ ದೂರ ಸರಿಸಿ, ಅಥವಾ 5 ಗಿಗಾಹರ್ಟ್ಸ್‌ಗೆ ಹೋಗಿ.

ಡಿಸ್ಕ್ ಮತ್ತು ಸಣ್ಣ ಫೈಲ್‌ಗಳು

ನೆಟ್‌ವರ್ಕ್ ಗಿಗಾಬಿಟ್ ಆಗಿದ್ದರೂ ಬರೆಯುವ ಕಡೆ ಹಳೆ ಹಾರ್ಡ್‌ಡಿಸ್ಕ್ ಇದ್ದರೆ ಅದೇ ಬಾಗಿಲು ಹಾಕುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ 100% ಎಂದು ನಿಂತಿದ್ದರೆ, ಅದೇ ಹೊತ್ತಿಗೆ ಈಥರ್ನೆಟ್ ಅರ್ಧ ಖಾಲಿ ಇದ್ದರೆ, ಕೇಬಲ್ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಎರಡೂ ಕಂಪ್ಯೂಟರ್‌ಗಳಲ್ಲಿ ನೋಡಬೇಕು, ಬರೀ ಒಂದರಲ್ಲಿ ಅಲ್ಲ.

ಮೊದಲು ಸ್ಪೀಡಾಗಿ ಹೋಗಿ ಆಮೇಲೆ ಕುಸಿಯುವುದಕ್ಕೆ ಕಾರಣವೂ ಇಲ್ಲೇ. ಬಂದ ಡೇಟಾವನ್ನು ವಿಂಡೋಸ್ ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದು ತುಂಬಿದ ಮೇಲೆ ಡಿಸ್ಕ್‌ನ ನಿಜವಾದ ಸ್ಪೀಡು ಹೊರಬರುತ್ತದೆ. ಅಗ್ಗದ ಎಸ್‌ಎಸ್‌ಡಿಗಳಲ್ಲೂ ವೇಗವಾಗಿ ಬರೆದುಕೊಳ್ಳಲು ಸ್ವಲ್ಪ ಜಾಗ ಮೀಸಲಿರುತ್ತದೆ, ಅದು ಮುಗಿದರೆ ಸ್ಪೀಡು ಇಳಿಯುತ್ತದೆ. ಯುಎಸ್‌ಬಿ 2 ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ಇದ್ದರೆ 30ರಿಂದ 40 ಎಂಬಿಗಿಂತ ಮೇಲೆ ಹೋಗುವುದಿಲ್ಲ. ರೂಟರ್ ಹಿಂದಿನ ಯುಎಸ್‌ಬಿಗೆ ಡಿಸ್ಕ್ ಹಾಕಿ ಹಂಚಿಕೊಂಡವರಿಗೆ ಅಷ್ಟೂ ಸಿಗದಿರಬಹುದು. ರೂಟರ್‌ನ ಸಣ್ಣ ಪ್ರೊಸೆಸರ್‌ಗೆ ಆ ಕೆಲಸ ಭಾರ.

ಸಣ್ಣ ಫೈಲ್‌ಗಳದ್ದು ಬೇರೆಯೇ ಸಮಸ್ಯೆ. 10 ಜಿಬಿಯ ಒಂದು ಸಿನಿಮಾ ಒಂದೂವರೆ ನಿಮಿಷದಲ್ಲಿ ಹೋಗುವ ನೆಟ್‌ವರ್ಕಿನಲ್ಲೇ, 10 ಜಿಬಿಯಷ್ಟು ಸಣ್ಣ ಚಿತ್ರಗಳು, ವರ್ಡ್ ಫೈಲ್‌ಗಳು ಸೇರಿ ಗಂಟೆಗಟ್ಟಲೆ ತೆಗೆದುಕೊಳ್ಳಬಹುದು. ಪ್ರತಿ ಫೈಲಿಗೂ ಎರಡು ಕಂಪ್ಯೂಟರ್‌ಗಳು ಹಲವು ಸಲ ಮಾತಾಡಬೇಕು: ಈ ಹೆಸರಿನ ಫೈಲ್ ಇದೆಯಾ, ಹೊಸದು ತೆರಿ, ಅನುಮತಿ ಇದೆಯಾ, ಬರೆ, ತಾರೀಕು ಹಾಕು, ಮುಚ್ಚು. ಮೇಲಿಂದ ಆ್ಯಂಟಿವೈರಸ್ ಪ್ರತಿಯೊಂದನ್ನೂ ತೆರೆದು ನೋಡುತ್ತದೆ. ಮನೆ ಬದಲಾಯಿಸುವಾಗ ಅಡುಗೆಮನೆ ಚಮಚಗಳನ್ನು ಒಂದೊಂದಾಗಿ ಲಾರಿಗೆ ಹೊತ್ತ ಹಾಗೆ. ಇಲ್ಲೂ ಪೆಟ್ಟಿಗೆಗೆ ತುಂಬುವುದೇ ದಾರಿ. ಜಿಪ್ ಮಾಡಿ ಕಳಿಸಿ. ಫೋಟೋ, ವಿಡಿಯೋ ಹೇಗೂ ಮೊದಲೇ ಕುಗ್ಗಿಸಿದ ಫೈಲ್‌ಗಳು. ಹಾಗಾಗಿ ಸೆವೆನ್‌ಜಿಪ್‌ನಲ್ಲಿ ‘ಸ್ಟೋರ್’ ಅಂತ ಆರಿಸಿ, ಸುಮ್ನೆ ಒಂದು ಕಟ್ಟು ಮಾಡಿದರೆ ಸಾಕು, ಬೇಗ ಆಗುತ್ತದೆ.

ಜಿಪ್ ಬೇಡ ಅನ್ನುವವರಿಗೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಇದೆ. ಅದರ ‘ಎಂಟಿ’ ಆಯ್ಕೆ ಬಳಸಿದರೆ 8 ಫೈಲ್‌ಗಳನ್ನು ಒಟ್ಟೊಟ್ಟಿಗೆ ಕಳಿಸುತ್ತದೆ, ಬೇಕಾದರೆ 128ರವರೆಗೆ ಏರಿಸಬಹುದು. ಮಧ್ಯೆ ಕರೆಂಟ್ ಹೋದರೂ ಮತ್ತೆ ಅದೇ ಆಜ್ಞೆ ಕೊಟ್ಟರೆ ಈಗಾಗಲೇ ಹೋಗಿರುವುದನ್ನು ಬಿಟ್ಟು ಮುಂದಿನದನ್ನು ಕಳಿಸುತ್ತದೆ. ಲಿನಕ್ಸ್, ಮ್ಯಾಕ್ ಬಳಸುವವರಿಗೆ ಆರ್‌ಸಿಂಕ್ ಇದೆ.

ಡಿಸ್ಕೋ ನೆಟ್‌ವರ್ಕೋ ಅಂತ ತೀರ್ಮಾನ ಆಗದಿದ್ದರೆ

ಐಪರ್ಫ್3 ಎಂಬ ಉಚಿತ ಸಾಧನ ಇದಕ್ಕಾಗಿಯೇ ಇದೆ. ಇದು ಡಿಸ್ಕನ್ನು ಮುಟ್ಟದೆ ಮೆಮೊರಿಯಿಂದ ಮೆಮೊರಿಗೆ ಡೇಟಾ ಕಳಿಸಿ ಬರೀ ನೆಟ್‌ವರ್ಕನ್ನು ಅಳೆಯುತ್ತದೆ. ಒಂದು ಕಂಪ್ಯೂಟರ್‌ನಲ್ಲಿ ಹೈಫನ್ ಎಸ್ ಸೇರಿಸಿ ನಡೆಸಿ, ಅದು ಕಾಯುತ್ತಾ ಕೂರುತ್ತದೆ. ಇನ್ನೊಂದರಲ್ಲಿ ಹೈಫನ್ ಸಿ, ಅದರ ಮುಂದೆ ಮೊದಲನೆಯದರ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ಗುರುತಿನ ಸಂಖ್ಯೆ). ಎರಡೂ ಸಣ್ಣಕ್ಷರ. ಹತ್ತು ಸೆಕೆಂಡಿನಲ್ಲಿ ಉತ್ತರ ಬರುತ್ತದೆ, ಮೆಗಾಬಿಟ್ ಲೆಕ್ಕದಲ್ಲಿ. 940 ಆಸುಪಾಸು ಬಂದರೆ ಗಿಗಾಬಿಟ್ ಚೆನ್ನಾಗಿದೆ, ತೊಂದರೆ ಡಿಸ್ಕ್‌ನದ್ದು ಅಥವಾ ಸಾಫ್ಟ್‌ವೇರ್‌ನದ್ದು. 94 ಬಂದರೆ ಮತ್ತೆ ಆ ಎಂಟು ತಂತಿಯ ಹತ್ತಿರ ಹೋಗಿ. ಕೊನೆಗೆ ಹೈಫನ್ ಮತ್ತು ದೊಡ್ಡಕ್ಷರದ ಆರ್ ಸೇರಿಸಿ ಉಲ್ಟಾ ದಿಕ್ಕಿನಲ್ಲೂ ಅಳೆಯಿರಿ. ಒಂದು ದಿಕ್ಕು ಚೆನ್ನಾಗಿದ್ದು ಇನ್ನೊಂದು ಕೆಟ್ಟಿದ್ದರೆ ಹೆಚ್ಚಾಗಿ ಕೇಬಲ್ ಅಥವಾ ಡ್ರೈವರ್.

ಐಪಿ ವಿಳಾಸ ನೋಡುವಾಗ ಇನ್ನೊಂದನ್ನೂ ಗಮನಿಸಿ. ಒಂದು ಕಂಪ್ಯೂಟರ್ 192.168.1 ಎಂದು ಶುರುವಾಗಿ, ಇನ್ನೊಂದು 192.168.0 ಎಂದು ಶುರುವಾದರೆ ನಿಮ್ಮ ಮನೆಯಲ್ಲಿ ಬಹುಶಃ ಎರಡು ನೆಟ್‌ವರ್ಕ್ ಇವೆ. ಫೈಬರ್ ಕಂಪನಿಯ ಡಬ್ಬಿಗೆ ನಿಮ್ಮದೇ ರೂಟರ್ ಸೇರಿಸಿದಾಗ ಹೀಗಾಗುತ್ತದೆ. ಆಗ ಪ್ರತಿ ತುಣುಕೂ ರೂಟರ್‌ನ ಪ್ರೊಸೆಸರ್ ಮೂಲಕ ವಿಳಾಸ ಬದಲಿಸಿಕೊಂಡು ಹೋಗಬೇಕು. ಎಷ್ಟೋ ಸಲ ಕಂಪ್ಯೂಟರ್‌ಗಳು ಒಂದಕ್ಕೊಂದು ಕಾಣುವುದೂ ಇಲ್ಲ. ಎರಡನೇ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ, ಅಂದರೆ ಬೇರೆ ನೆಟ್‌ವರ್ಕ್ ಮಾಡದೆ ಬರೀ ವೈಫೈ ಹಂಚುವಂತೆ ಮಾಡಿದರೆ, ಎಲ್ಲ ಒಂದೇ ಮನೆಯವರಾಗುತ್ತಾರೆ.

ಆಫೀಸ್ ಲ್ಯಾಪ್‌ಟಾಪ್ ಆದರೆ ವಿಪಿಎನ್ (ಕಂಪನಿಯ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ) ಆಫ್ ಇದೆಯಾ ನೋಡಿ. ಕೆಲವು ವಿಪಿಎನ್‌ಗಳು ಮನೆಯೊಳಗಿನ ಸಂಚಾರವನ್ನೂ ತಡೆಯುತ್ತವೆ, ಇಲ್ಲವೇ ಸುತ್ತಿಸಿ ಕಳಿಸುತ್ತವೆ. ಕಂಪನಿಯ ಭದ್ರತಾ ಸಾಫ್ಟ್‌ವೇರ್ ಪ್ರತಿ ಫೈಲ್ ತಪಾಸಣೆ ಮಾಡುತ್ತಿದ್ದರೆ ಅದನ್ನು ನೀವು ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು.

ಆನ್‌ಲೈನ್‌ನಲ್ಲಿ ಹುಡುಕಿದರೆ ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳು) ಬದಲಿಸಿ, ಆಟೋಟ್ಯೂನಿಂಗ್ (ಒಂದು ಸಲಕ್ಕೆ ಎಷ್ಟು ಡೇಟಾ ತರಿಸಬೇಕೆಂದು ವಿಂಡೋಸ್ ತಾನೇ ಹೊಂದಿಸಿಕೊಳ್ಳುವುದು) ಆಫ್ ಮಾಡಿ ಅನ್ನುವ ಸಲಹೆಗಳು ರಾಶಿ ಸಿಗುತ್ತವೆ. ಅವುಗಳಿಂದ ದೂರ ಇರಿ. ಆಟೋಟ್ಯೂನಿಂಗ್ ಆಫ್ ಮಾಡಿದರೆ ಇಂಟರ್ನೆಟ್ ಡೌನ್‌ಲೋಡೇ ನಿಧಾನ ಆಗಬಹುದು. ಎಲ್ಲಕ್ಕಿಂತ ಅಪಾಯದ ಸಲಹೆ ಎಸ್‌ಎಂಬಿ 1 ಆನ್ ಮಾಡಿ ಅನ್ನುವುದು. ಇದು ಫೈಲ್ ಹಂಚಿಕೆಯ ತೀರಾ ಹಳೆಯ ಪದ್ಧತಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ದಾಳಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿದ್ದು ಇದರ ದೋಷದ ಮೂಲಕವೇ. ಅದೇ ವರ್ಷದ ಕೊನೆಯಿಂದ ಮೈಕ್ರೋಸಾಫ್ಟ್ ಅದನ್ನು ಹೊಸ ವಿಂಡೋಸ್‌ಗಳಿಂದ ತೆಗೆಯತೊಡಗಿತು. ಈಗಿನ ವಿಂಡೋಸ್‌ನಲ್ಲಿ ನಾವಾಗಿ ಆನ್ ಮಾಡಿದರೆ ಮಾತ್ರ ಇರುತ್ತದೆ. ಹಳೆ ರೂಟರ್ ಅಥವಾ ಹಳೆ ಸ್ಟೋರೇಜ್ ಡಬ್ಬಿ ಅದನ್ನೇ ಕೇಳಿದರೆ ಆ ಡಬ್ಬಿಗೆ ನಿವೃತ್ತಿ ಕೊಡಿ.

ಒಂದೇ ಸಲದ ಕೆಲಸವಾದರೆ ಇಷ್ಟೆಲ್ಲ ಹುಡುಕಾಟವೂ ಬೇಕಿಲ್ಲ. ಒಂದು ಒಳ್ಳೆ ಕೇಬಲ್‌ನ ಒಂದು ತುದಿ ಒಂದು ಕಂಪ್ಯೂಟರ್‌ಗೆ, ಇನ್ನೊಂದು ತುದಿ ಮತ್ತೊಂದಕ್ಕೆ ನೇರವಾಗಿ ಚುಚ್ಚಿ. ಹಿಂದೆ ಇದಕ್ಕೆ ಒಳಗಿನ ತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್‌ಓವರ್ ಕೇಬಲ್ ಬೇಕಿತ್ತು. ಗಿಗಾಬಿಟ್ ಪೋರ್ಟ್‌ಗಳಲ್ಲಿ ಆ ತಾಪತ್ರಯ ಇಲ್ಲ. ವೈಫೈ ಆಫ್ ಮಾಡಿ ಒಂದು ನಿಮಿಷ ಕಾದರೆ ಎರಡೂ 169.254ರಿಂದ ಶುರುವಾಗುವ ವಿಳಾಸವನ್ನು ತಾವೇ ಹಾಕಿಕೊಳ್ಳುತ್ತವೆ. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಎದುರಿನ ಕಂಪ್ಯೂಟರ್‌ನ ಆ ವಿಳಾಸ ಬರೆದರೆ ಹಂಚಿದ ಫೋಲ್ಡರ್ ತೆರೆಯುತ್ತದೆ. ತೆರೆಯದಿದ್ದರೆ ವಿಂಡೋಸ್ ಆ ಹೊಸ ಕನೆಕ್ಷನ್ನನ್ನು ‘ಪಬ್ಲಿಕ್’ ಎಂದು ಎಣಿಸಿರಬಹುದು, ‘ಪ್ರೈವೇಟ್’ ಮಾಡಿ. ಮುಗಿದ ಮೇಲೆ, ಹಳೆಯದನ್ನು ಅಳಿಸುವ ಮೊದಲು, ಎರಡೂ ಕಡೆ ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಬೈಟ್ ಲೆಕ್ಕದಲ್ಲಿ ತಾಳೆ ಆಗುತ್ತದಾ ನೋಡಿಕೊಳ್ಳಿ.